ಬಸುರಿಗೆ ಬಸ್ಸಾರು ಬಡಿಸಿ, ಹಸಿ ಮೊಳಕೆಕಾಳು ಬೇಡ

ಬಸುರಿಗೆ ಸೊಪ್ಪು ಕೊಡಬೇಡಿ, ಉಷ್ಣ ಅನ್ನುವ ಮನೆಗಳಲ್ಲೇ ಬೆಳಗಾದರೆ ಒಂದು ಬಟ್ಟಲು ಹಸಿ ಮೊಳಕೆಕಾಳು ಮುಂದಿಡುತ್ತಾರೆ, ಶಕ್ತಿ ಬರಲಿ ಅಂತ. ನನ್ನ ಪ್ರಕಾರ ಇದು ಪೂರ್ತಿ ತಿರುಗುಮುರುಗು.

ಕಾಳು ಮೊಳೆಯೋಕೆ ಬೇಕಾದ ತೇವ ಮತ್ತು ಬೆಚ್ಚನೆ ಜಾಗ ಸಾಲ್ಮೊನೆಲ್ಲಾ, ಇ. ಕೋಲಿಯಂಥ ರೋಗಾಣುಗಳಿಗೂ ಹಬ್ಬ. ಸಿಪ್ಪೆಯ ಬಿರುಕಿನೊಳಗೆ ಸೇರಿದ ರೋಗಾಣು ಎಷ್ಟು ತೊಳೆದರೂ ಹೋಗೋದಿಲ್ಲ. ಮೊಳಕೆ ಬೇಕೇ ಬೇಕು ಅಂದರೆ ಉಸಲಿ ಮಾಡಿ, ಕಾಳು ಒಳಗಿನ ತನಕ ಬೇಯಲಿ. ಒಗ್ಗರಣೆಯಲ್ಲಿ ಎರಡು ಸುತ್ತು ಹೊರಳಿಸಿದರೆ ಸಾಲದು.

ಸೊಪ್ಪಿನಲ್ಲಿ ಅಪಾಯ ಇರೋದು ಅದಕ್ಕಂಟಿದ ಮಣ್ಣಿನಲ್ಲಿ. ಬೆಕ್ಕಿನ ಮಲದಿಂದ ಮಣ್ಣಿಗೆ ಸೇರುವ ಟಾಕ್ಸೊಪ್ಲಾಸ್ಮಾ ಅನ್ನೋ ಸೂಕ್ಷ್ಮಜೀವಿ ಹೊಟ್ಟೆಯಲ್ಲಿರುವ ಮಗುವಿನ ಕಣ್ಣು, ಮಿದುಳಿಗೆ ಹಾನಿ ಮಾಡಬಲ್ಲದು. ಬೇರು ಕತ್ತರಿಸಿ, ಕಂತೆ ಬಿಚ್ಚಿ, ಅಗಲದ ಪಾತ್ರೆ ತುಂಬ ನೀರಿನಲ್ಲಿ ಮುಳುಗಿಸಿ ಅಲುಗಾಡಿಸಿ. ಆಮೇಲೆ ಸೊಪ್ಪನ್ನು ಕೈಯಲ್ಲಿ ಎತ್ತಿ ತೆಗೆಯಬೇಕು. ಪಾತ್ರೆಯನ್ನೇ ಜರಡಿಗೆ ಬಗ್ಗಿಸಿದರೆ ತಳದಲ್ಲಿ ಕೂತ ಮಣ್ಣೆಲ್ಲ ವಾಪಸ್ಸು ಸೊಪ್ಪಿನ ಮೇಲೇ ಬೀಳುತ್ತೆ. ಬಹಳ ಜನ ತಪ್ಪೋದು ಇಲ್ಲೇ. ತಳದಲ್ಲಿ ಮರಳು ಕಾಣದ ತನಕ ನೀರು ಬದಲಿಸಿ, ಸಾಮಾನ್ಯವಾಗಿ ಮೂರು ಸಲ. ಉಪ್ಪು-ಅರಿಶಿನದ ನೀರನ್ನೇ ನಂಬಿ ಕೂರಬೇಡಿ, ರೋಗಾಣು ಸಾಯೋದು ಕುದಿಯಲ್ಲಿ. ಸೋಪು ಮಾತ್ರ ಮುಟ್ಟಿಸಲೇಬೇಡಿ. ಹೆಚ್ಚೋದು ತೊಳೆದ ಮೇಲೆ. ಹೆಚ್ಚಿಟ್ಟ ಸೊಪ್ಪು ಫ್ರಿಜ್ಜಿನಲ್ಲಿ ದಿನಗಟ್ಟಲೆ ಕೂರೋದು ಬೇಡ, ಲಿಸ್ಟೀರಿಯಾ ಅನ್ನೋ ರೋಗಾಣು ಆ ತಂಪಿನಲ್ಲೂ ಬೆಳೆಯುತ್ತೆ.

ಇನ್ನು ಫೋಲೇಟ್, ಅಂದರೆ ಸೊಪ್ಪಿನಲ್ಲಿರುವ ಒಂದು ಬಿ ಜೀವಸತ್ವ. ಇದು ನೀರಿಗೆ ಬಿಟ್ಟುಕೊಳ್ಳುವ ಜಾತಿ, ಸೊಪ್ಪು ಬೇಯಿಸಿ ನೀರು ಚೆಲ್ಲಿದರೆ ಅದರ ಜೊತೆಗೇ ಹೋಯ್ತು. ನಮ್ಮ ಬಸ್ಸಾರಿನ ಜಾಣತನ ಇರೋದು ಇಲ್ಲಿ: ಬಸಿದ ಕಟ್ಟು ಸಾರಾಗುತ್ತೆ, ಸೊಪ್ಪು-ಕಾಳು ಪಲ್ಯವಾಗುತ್ತೆ. ದಿನಕ್ಕೆ 100 ಗ್ರಾಂ ಸೋಸಿದ ಸೊಪ್ಪು ಸಾಕು, ಬೆಂದರೆ ಒಂದು ಸಣ್ಣ ಬಟ್ಟಲಾಗುತ್ತೆ ಅಷ್ಟೆ. ಆದರೆ ಸೊಪ್ಪು ತಿಂತೀನಲ್ಲ ಅಂತ ಫೋಲಿಕ್ ಆಸಿಡ್ (ಫೋಲೇಟ್‌ನ ಮಾತ್ರೆ ರೂಪ) ಬಿಡಬೇಡಿ. ಮಗುವಿನ ಮಿದುಳು, ಬೆನ್ನುಹುರಿಯಾಗುವ ನರಕೊಳವೆ ಗರ್ಭ ಕಟ್ಟಿದ 28 ದಿನಕ್ಕೆಲ್ಲ ಮುಚ್ಚಿಕೊಂಡಿರುತ್ತೆ, ಎಷ್ಟೋ ಜನಕ್ಕೆ ಬಸಿರಾದದ್ದೂ ಗೊತ್ತಾಗಿರೋದಿಲ್ಲ. ಅದು ಸರಿಯಾಗಿ ಮುಚ್ಚೋಕೆ ಫೋಲೇಟ್ ಬೇಕು, ಹಾಗಾಗಿ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಮಗು ಬೇಕು ಅಂದುಕೊಂಡಾಗಲೇ ಶುರುವಾಗಬೇಕು.

ದಂಟು, ಪಾಲಕ್‌ನಲ್ಲಿ ಕಬ್ಬಿಣ ಇದೆ ನಿಜ, ಆದರೆ ಮೈಗೆ ಹತ್ತೋದು ಕಮ್ಮಿ. ಒಲೆಯಿಂದ ಇಳಿಸಿದ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿ (ಕುದಿಯುವಾಗ ಹಿಂಡಿದರೆ ಸಿ ಜೀವಸತ್ವ ನಷ್ಟ). ಕಾಫಿ, ಟೀ ಊಟಕ್ಕಿಂತ ಒಂದು ಗಂಟೆಯಾದರೂ ದೂರ ಇರಲಿ. ಆಸ್ಪತ್ರೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆಗೂ ಕ್ಯಾಲ್ಸಿಯಂ ಮಾತ್ರೆಗೂ ಎರಡು ಗಂಟೆ ಅಂತರ ಬೇಕು, ಒಟ್ಟಿಗೆ ನುಂಗಿದರೆ ಕಬ್ಬಿಣ ಸರಿಯಾಗಿ ಹೀರಿಕೊಳ್ಳೋದಿಲ್ಲ. ನುಗ್ಗೆ ಸೊಪ್ಪು ಅಡುಗೆಯ ಅಳತೆಯಲ್ಲಿ ತಿನ್ನಬಹುದು. ಅದರ ಬೇರು, ತೊಗಟೆಯ ಕಷಾಯ ಬೇಡ.

ಹಸಿರುಗಟ್ಟಿದ, ಮೊಳಕೆ ಬಂದ ಆಲೂಗಡ್ಡೆ ಎಸೆಯಿರಿ. ಸೋರೆಕಾಯಿ, ಸೌತೆಕಾಯಿಯ ತುಂಡನ್ನು ಮೊದಲು ನಾಲಗೆಗೆ ಮುಟ್ಟಿಸಿ ನೋಡಿ. ಕಹಿ ಇದ್ದರೆ ಉಗಿದು ಇಡೀ ಕಾಯಿ ಬಿಸಾಡಿ, ಆ ಕಹಿಯೇ ವಿಷ, ಬೇಯಿಸಿದರೂ ಹೋಗೋದಿಲ್ಲ.