ನೇರಳೆ ಬಣ್ಣದ ಎದೆ

2022ರ ಜೂನ್ 5. ಶಿಕಾಗೊ ಬಳಿಯ ರೋಸ್‌ಮಾಂಟ್‌ನ ಅಖಾಡದಲ್ಲಿ ಡಬ್ಲ್ಯೂಡಬ್ಲ್ಯೂಇ ಕುಸ್ತಿಪಟು ಕೋಡಿ ರೋಡ್ಸ್ ಮೇಲಂಗಿ ಕಳಚಿದಾಗ ಬಲ ಎದೆಯಿಂದ ತೋಳಿನವರೆಗೆ ನೇರಳೆ ಹಣ್ಣು ಹಿಸುಕಿ ಬಳಿದಂತಿತ್ತು. ಕಸರತ್ತು ಮಾಡುವಾಗ ಎದೆಯ ಸ್ನಾಯು ಮೂಳೆಯಿಂದ ಕಿತ್ತುಬಂದಿತ್ತು. ಆ ಆಟದಲ್ಲಿ ಗೆಲುವು ಸೋಲು ಮೊದಲೇ ಗೊತ್ತುಮಾಡಿರುತ್ತಾರೆ, ಗಾಯ ಮಾತ್ರ ನಿಜ. ಆತ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಸೆಣಸಿ ಗೆದ್ದ.

ನನ್ನ ಚಿಕ್ಕಮ್ಮನ ಮಗ ಆ ವಿಡಿಯೊ ಕಳಿಸಿ, "ಅಣ್ಣಾ, ಗಟ್ಟಿಗ ಎಂದರೆ ಇವನು" ಎಂದಿದ್ದ. ಅದೇ ವಾರ ರೋಡ್ಸ್ ಶಸ್ತ್ರಚಿಕಿತ್ಸೆಗೆ ಮಲಗಿದ ಸುದ್ದಿಯನ್ನು ಮಾತ್ರ ಕಳಿಸಲಿಲ್ಲ.

ಹೋದ ವರ್ಷ ನಮ್ಮ ಈ ತಮ್ಮನದೇ ಸರದಿ. ಬೆಂಚ್ ಪ್ರೆಸ್, ಅಂದರೆ ಬೆಂಚಿನ ಮೇಲೆ ಅಂಗಾತ ಮಲಗಿ ಭಾರದ ಸರಳನ್ನು ಎದೆಯ ಮೇಲಿಂದ ಎತ್ತಿ ಇಳಿಸುವ ಕಸರತ್ತು ಮಾಡುವಾಗ ಕಂಕುಳ ಹತ್ತಿರ 'ಪಟ್' ಎಂದಿತು. ಭಾರ ಎತ್ತುವಾಗಲ್ಲ, ಇಳಿಸುವಾಗ. ಬಾರ್ ಎದೆಯ ಸಮೀಪ ಬಂದಾಗ ಸ್ನಾಯು ಪೂರ್ತಿ ಎಳೆದುಕೊಂಡಿರುತ್ತದೆ, ಅದೇ ಗಳಿಗೆಯಲ್ಲಿ ಭಾರ ತಡೆಯಲು ಬಿಗಿದುಕೊಂಡೂ ಇರಬೇಕು. ಈ ಜಗ್ಗಾಟದಲ್ಲಿ ತೋಳಿನ ಮೂಳೆಗೆ ಅಂಟಿದ ಸ್ನಾಯುರಜ್ಜು ಕಿತ್ತುಹೋಗುತ್ತದೆ. ಜಿಮ್‌ನ ತರಬೇತುದಾರ "ಉಳುಕಿರಬೇಕು, ನೀವಿಸಿಕೋ" ಎಂದ. ಇವನು ನಾಲ್ಕು ತಿಂಗಳು ನೀವಿಸಿಕೊಂಡ! ಬಾವು ಇಳಿದ ಮೇಲೆ ಕಂಕುಳ ಮುಂದಿನ ಮಡಿಕೆಯೇ ಮಾಯವಾಗಿತ್ತು. ಅದನ್ನು ಕನ್ನಡಿಯಲ್ಲಿ ನೋಡಿಯೂ ಸುಮ್ಮನಿದ್ದ.

ಎಂಆರ್‌ಐ ನೋಡಿದ ಮೂಳೆ ವೈದ್ಯರು, ಮೊದಲ ಕೆಲವು ವಾರಗಳಲ್ಲೇ ಬಂದಿದ್ದರೆ ರಜ್ಜುವನ್ನು ಮೂಳೆಗೆ ನೇರವಾಗಿ ಹೊಲಿಯುವುದು ಸುಲಭವಿತ್ತು ಎಂದರು. ತಡವಾದರೆ ಸ್ನಾಯು ಎದೆಯತ್ತ ಸರಿದು ಕುಗ್ಗಿ, ಸುತ್ತಲಿನದಕ್ಕೆ ಅಂಟಿಕೊಳ್ಳುತ್ತದೆ. ಇವನಿಗೆ ಬೇರೆ ರಜ್ಜುವಿನ ತುಂಡು ಜೋಡಿಸುವ ಕಸಿಯೇ ಬೇಕಾಯಿತು. ಸ್ನಾಯು ಹರಿದಾಗಲೆಲ್ಲ ಕತ್ತರಿ ಹಾಕುವುದಿಲ್ಲ. ಭಾಗಶಃ ಹರಿದಿದ್ದರೆ, ಸ್ನಾಯುವಿನ ನಡುವೆಯೇ ಹರಿದಿದ್ದರೆ ವಿಶ್ರಾಂತಿ, ವ್ಯಾಯಾಮಗಳಲ್ಲೇ ಸರಿಹೋಗುವುದುಂಟು. ಆದರೆ ಯಾವುದು ಯಾವುದು ಎಂದು ಹೇಳಬೇಕಾದವನು ಎಣ್ಣೆ ತಿಕ್ಕುವವನಲ್ಲ.

ಮೈ ಬೆಳೆಸುವ ಸ್ಟೆರಾಯ್ಡ್ ತೆಗೆದುಕೊಳ್ಳುತ್ತೀಯಾ ಎಂದೂ ವೈದ್ಯರು ಕೇಳಿದರು. ಸ್ನಾಯು ಉಬ್ಬಿದ ವೇಗದಲ್ಲಿ ರಜ್ಜು ಗಟ್ಟಿಯಾಗುವುದಿಲ್ಲವಂತೆ. ಹುಡುಗ ನನ್ನ ಮುಖ ನೋಡಿದ. ನಾನು ಎದ್ದು ಹೊರಗೆ ಬಂದೆ.

ಈಗ ಕೈಗೆ ಜೋಲಿ. ಬೆಂಚ್ ಪ್ರೆಸ್‌ಗೆ ಕನಿಷ್ಠ ಆರು ತಿಂಗಳು ಕಾಯಬೇಕು. ಅವನ ವಾದವೇ ಬೇರೆ: ಅಮೆರಿಕನ್ ಫುಟ್‌ಬಾಲ್ ಆಡುವ ಹ್ಯೂಸ್ಟನ್ ಟೆಕ್ಸನ್ಸ್ ತಂಡದ ಜೆ.ಜೆ. ವಾಟ್ 2019ರ ಅಕ್ಟೋಬರ್ 27ರಂದು ಎದೆ ಹರಿದುಕೊಂಡು, 2020ರ ಜನವರಿ 4ಕ್ಕೆ ಮೈದಾನಕ್ಕಿಳಿದಿದ್ದ. ನಿಜ. ವಾಟ್ ಹರಿದುಕೊಂಡ ಕೂಡಲೇ ಹೊಲಿಸಿಕೊಂಡಿದ್ದ, ಹಗಲಿರುಳು ನೋಡಿಕೊಳ್ಳಲು ತಂಡದ ವೈದ್ಯರಿದ್ದರು.

ಇವನಿಗಿರುವುದು ನಮ್ಮ ಚಿಕ್ಕಮ್ಮ. ಇಪ್ಪತ್ತೇಳರ ಮಗನಿಗೆ ಅಂಗಿಯ ಗುಂಡಿ ಹಾಕುತ್ತಾ ದಿನಾ ಬೈಯುತ್ತಾರೆ.