ಅಪ್‌ಡೇಟ್ ನಿಲ್ಲಿಸಿದ ಮೇಲೂ ಬೀಗ ಯಾಕೆ?

ಬೆಂಗಳೂರಿನ ಎಸ್.ಪಿ. ರೋಡಿನಿಂದ ಈಗಷ್ಟೇ ಮನೆಗೆ ಬಂದೆ. ಕೋಪ ಇನ್ನೂ ಇಳಿದಿಲ್ಲ.

ಒಂದು ರಿಪೇರಿ ಅಂಗಡಿಯಲ್ಲಿ ಕೇಬಲ್ ತಗೊಳ್ಳುತ್ತಿದ್ದೆ. ಅರವತ್ತು ದಾಟಿದ ಒಬ್ಬರು ಬಟ್ಟೆ ಚೀಲದಿಂದ ಟ್ಯಾಬ್ಲೆಟ್ ತೆಗೆದು ಕೌಂಟರ್ ಮೇಲಿಟ್ಟರು. ಗಾಜಿನ ಮೇಲೆ ಒಂದು ಗೀರೂ ಇಲ್ಲ. "ಮೊಮ್ಮಗನ ಜೊತೆ ವಿಡಿಯೋ ಕಾಲ್ ಮಾಡ್ತಿದ್ದೆ ಕಣಪ್ಪ, ಈಗ ಆಪ್ ಓಪನ್ನೇ ಆಗಲ್ಲ" ಅಂದರು. ಅಂಗಡಿ ಹುಡುಗ ಸೆಟ್ಟಿಂಗ್ಸ್ ನೋಡಿ, "ಹಳೇ ಆಂಡ್ರಾಯ್ಡ್ ಆಂಟಿ, ಇನ್ನು ಅಪ್‌ಡೇಟ್ ಬರಲ್ಲ. ಹೊಸದು ತಗೊಂಡ್ಬಿಡಿ" ಅಂದ. ಅವನದೇನೂ ತಪ್ಪಿಲ್ಲ. ಇದ್ದದ್ದನ್ನು ಹೇಳಿದ.

ನಾನು ಸುಮ್ನಿರಲಿಲ್ಲ. "ಒಂದ್ನಿಮಿಷ ಕೊಡಿ ಅಮ್ಮ, ಬೇರೆ ಓಎಸ್ ಹಾಕೋಕಾಗುತ್ತಾ ನೋಡ್ತೀನಿ" ಅಂತ ಇಸ್ಕೊಂಡೆ. ಓಎಸ್ ಅಂದರೆ ಆಪರೇಟಿಂಗ್ ಸಿಸ್ಟಂ, ಆಂಡ್ರಾಯ್ಡ್ ಥರದ್ದು. ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿದರೆ ಡೆವಲಪರ್ ಆಪ್ಷನ್ಸ್ ತೆರೆದುಕೊಳ್ಳುತ್ತದೆ. ಅದರೊಳಗೆ ಒಇಎಂ ಅನ್‌ಲಾಕಿಂಗ್ ಅನ್ನೋ, ಕಂಪನಿ ಹಾಕಿದ ಬೀಗ ತೆಗೆಯಲು ಬಿಡುವ ಸ್ವಿಚ್ ಇರಬೇಕು. ಮೇಲಿಂದ ಕೆಳಗಿನವರೆಗೆ ಸರಿಸಿ ನೋಡಿದೆ. ಇಲ್ಲ. ಟ್ಯಾಬ್ಲೆಟ್ ಆನ್ ಮಾಡಿದಾಗ ಮೊದಲು ಓಡಿ ಓಎಸ್ ಶುರು ಮಾಡುವ ಪ್ರೋಗ್ರಾಂ ಬೂಟ್‌ಲೋಡರ್. ಅದಕ್ಕೆ ಬೀಗ ಇದ್ದರೆ ಬೇರೆ ಓಎಸ್ ಹಾಕೋಕಾಗಲ್ಲ. ಆ ಮಾಡೆಲ್ಲಿನಲ್ಲಿ ಆ ಬೀಗ ತೆರೆಯಲು ಕಂಪನಿ ದಾರಿಯನ್ನೇ ಇಟ್ಟಿಲ್ಲ. "ಇರ್ಲಿ ಬಿಡಪ್ಪ" ಅಂತ ಅವರು ಟ್ಯಾಬ್ಲೆಟ್ಟನ್ನು ಚೀಲಕ್ಕೆ ಹಾಕಿಕೊಂಡು ಹೊರಟರು.

ಇರ್ಲಿ ಬಿಡು ಅನ್ನೋಕೆ ನನ್ನಿಂದ ಆಗುತ್ತಿಲ್ಲ.

ಹಾರ್ಡ್‌ವೇರ್ ಗಟ್ಟಿಮುಟ್ಟಾಗಿದೆ. ದುಡ್ಡು ಕೊಟ್ಟಾಗಿದೆ. ಕಂಪನಿ ಅಪ್‌ಡೇಟ್ ನಿಲ್ಲಿಸಿದೆ, ಅದೂ ಸರಿ, ಎಷ್ಟು ವರ್ಷ ಅಂತ ಕೊಡುತ್ತಾರೆ. ಆದರೆ ತಾನೂ ನೋಡಿಕೊಳ್ಳಲ್ಲ, ಬೇರೆಯವರಿಗೂ ಬಿಡಲ್ಲ ಅಂದರೆ ಏನರ್ಥ? ಮನೆ ಮಾರಿ ಬೀಗದ ಕೈ ತನ್ನ ಜೇಬಲ್ಲೇ ಇಟ್ಟುಕೊಂಡ ಹಾಗಾಯಿತು.

ಬೀಗ ತೆಗೆಯಲು ಬಿಟ್ಟರೆ ಏನಾಗುತ್ತದೆ ಅನ್ನೋದಕ್ಕೆ ನಮ್ಮ ಮನೆಯಲ್ಲೇ ಸಾಕ್ಷಿ ಇದೆ. ಗೂಗಲ್ಲಿನ 2013ರ ಟ್ಯಾಬ್ಲೆಟ್ ನೆಕ್ಸಸ್ 7. ನಿಮ್ಮಲ್ಲಿ ಎಷ್ಟೋ ಜನ ನೋಡಿದ್ದೀರಿ. ಏಳು ಇಂಚಿನ ಪರದೆ, 2 ಜಿಬಿ ರ್‍ಯಾಮ್. ಗೂಗಲ್ ಅದನ್ನು ಆಂಡ್ರಾಯ್ಡ್ 6.0.1ಕ್ಕೆ ಕೈಬಿಟ್ಟಿತು. ಆದರೆ ಬೀಗ ತೆಗೆಯೋಕೆ ಅಡ್ಡ ಬರಲಿಲ್ಲ. ವಾಲ್ಯೂಮ್ ಡೌನ್ ಮತ್ತು ಪವರ್ ಒಟ್ಟಿಗೆ ಹಿಡಿದರೆ ಹಸಿರು ಆಂಡ್ರಾಯ್ಡ್ ಬೊಂಬೆ ಹೊಟ್ಟೆ ತೆರೆದುಕೊಂಡು ಮಲಗಿರುವ ಪರದೆ ಬರುತ್ತದೆ. ಕಂಪ್ಯೂಟರಿಗೆ ಕೇಬಲ್ ಹಾಕಿ ಫಾಸ್ಟ್‌ಬೂಟ್ ಅನ್ನೋ ಟೂಲಿನಲ್ಲಿ ಒಂದು ಸಾಲಿನ ಕಮಾಂಡ್ ಕೊಟ್ಟರೆ, ಒಳಗಿರುವುದೆಲ್ಲ ಅಳಿಸಿಹೋಗುತ್ತೆ, ಒಪ್ಪಿಗೆಯಾ ಅಂತ ಕೇಳುತ್ತದೆ. ಹೂಂ ಅಂದರೆ ಆಯಿತು. ಆಮೇಲೆ ಪ್ರತಿ ಸಲ ಆನ್ ಮಾಡಿದಾಗಲೂ ಗೂಗಲ್ ಹೆಸರಿನ ಕೆಳಗೆ ತೆರೆದ ಬೀಗದ ಚಿತ್ರ. ಅದನ್ನು ನೋಡಿದಾಗೆಲ್ಲ ನನಗೆ ಖುಷಿ.

ಅದಕ್ಕೆ ಲಿನಿಯೇಜ್‌ಓಎಸ್ 18.1 ಹಾಕಿದೆ. ಅಂದರೆ ಆಂಡ್ರಾಯ್ಡ್ 11. ಆಂಡ್ರಾಯ್ಡ್ ಆಧಾರದ ಸೈನೋಜೆನ್‌ಮಾಡ್ ಅನ್ನೋ ಹಳೇ ಓಎಸ್ 2016ರ ಡಿಸೆಂಬರಿನಲ್ಲಿ ಮುಚ್ಚಿದಾಗ ಅದರ ಕೋಡ್ ಹಿಡಿದುಕೊಂಡು ಆಸಕ್ತರೇ ಸೇರಿ ಕಟ್ಟಿದ ಓಎಸ್ ಅದು. ಕಂಪನಿ ಬಿಟ್ಟ ಟ್ಯಾಬ್ಲೆಟ್ಟನ್ನು ಯಾರೋ ಅಪರಿಚಿತರು ರಾತ್ರಿ ಕೂತು ಐದು ಆವೃತ್ತಿ ಮುಂದಕ್ಕೆ ತಂದಿದ್ದಾರೆ. ಬಿಟ್ಟಿಯಾಗಿ! ಸೆಟ್ಟಿಂಗ್ಸ್ ಕನ್ನಡದಲ್ಲಿ ಸಿಗುತ್ತದೆ.

ನಮ್ಮಮ್ಮ ಕಣ್ಣು ಮಂಜಾದ ಮೇಲೆ ಪೇಪರ್ ಓದಿದ್ದು ಅದರಲ್ಲೇ, ಅಕ್ಷರ ದೊಡ್ಡದು ಮಾಡಿಕೊಂಡು. ನನಗೆ ಇಷ್ಟು ಕೋಪ ಬರೋದು ಯಾಕೆ ಅಂತ ಈಗ ಗೊತ್ತಾಯ್ತಲ್ವಾ. ಇವತ್ತು ಬಂದಿದ್ದ ಆ ಅಮ್ಮನಿಗೆ ಬೇಕಾಗಿದ್ದದ್ದೂ ಅಷ್ಟೇ, ಇನ್ನೊಂದಷ್ಟು ವರ್ಷ.

ಬೀಗ ಇರುವುದು ಸುರಕ್ಷತೆಗೆ, ಕದ್ದವನು ಓಎಸ್ ಬದಲಾಯಿಸಿ ಡೇಟಾ ನೋಡಬಾರದು ಅಂತ ಕೆಲವರು ಹೇಳುತ್ತಾರೆ. ಬೀಗ ತೆಗೆದ ಕೂಡಲೇ ಡೇಟಾ ಅಳಿಸಿಹೋಗುವಂತೆ ಮಾಡಿರುವುದೇ ಅದಕ್ಕಲ್ವಾ? ಇನ್ನೂ ಭಯವಿದ್ದರೆ ಗೂಗಲ್ಲಿನ ಪಿಕ್ಸೆಲ್ ಟ್ಯಾಬ್ಲೆಟ್ ನೋಡಿ. ಅದಕ್ಕೆ ಸುರಕ್ಷತೆಗೆ ಒತ್ತು ಕೊಡುವ ಗ್ರಾಫೀನ್‌ಓಎಸ್ ಹಾಕಿ, ಮತ್ತೆ ಬೀಗ ಹಾಕಿಕೊಳ್ಳಬಹುದು. ಮನಸ್ಸಿದ್ದರೆ ಎರಡೂ ಆಗುತ್ತದೆ. ಹೌದು, ಬೀಗ ತೆರೆದೇ ಇಟ್ಟರೆ ಕೆಲವು ಬ್ಯಾಂಕ್ ಆಪ್‌ಗಳು ತಕರಾರು ಮಾಡುತ್ತವೆ, ಸಿನಿಮಾ ಆಪ್‌ಗಳಲ್ಲಿ ಎಚ್‌ಡಿ ಸಿಗದೆ ಹೋಗಬಹುದು. ಮೊಮ್ಮಗನ ಮುಖ ನೋಡೋಕೆ ಇವೆರಡೂ ಬೇಕಾಗಿಲ್ಲ.

ಆಂಡ್ರಾಯ್ಡ್‌ನ ಬುಡದಲ್ಲಿರುವುದು ಲಿನಕ್ಸ್ ಕರ್ನಲ್, ಅಂದರೆ ಓಎಸ್‌ನ ತಿರುಳು. ಅದರ ಲೈಸೆನ್ಸ್, ಅಂದರೆ ಬಳಕೆಯ ಷರತ್ತು, ಜಿಪಿಎಲ್ 2. ಸಾಧನ ಮಾರುವವರು ಕರ್ನಲ್ಲಿನ ಸೋರ್ಸ್ ಕೋಡನ್ನು (ಪ್ರೋಗ್ರಾಂ ಬರೆದ ಮೂಲ ಪಠ್ಯವನ್ನು) ಕೊಂಡವರಿಗೆ ಕೊಡಲೇಬೇಕು. ಕೋಡ್ ಕೊಟ್ಟು, ತಿದ್ದಿದ ಕೋಡನ್ನು ಅದೇ ಟ್ಯಾಬ್ಲೆಟ್ಟಿಗೆ ಹಾಕಲು ಬಿಡದಿದ್ದರೆ ಕೊಟ್ಟು ಏನು ಬಂತು? 2007ರ ಜಿಪಿಎಲ್ 3 ಇಂಥ ಬೀಗಗಳಿಗೆ ತಡೆ ಹಾಕಿತು. ಆದರೆ ಲಿನಕ್ಸ್ ಕರ್ನಲ್ ಜಿಪಿಎಲ್ 2ರಲ್ಲೇ ಉಳಿಯಿತು. ಆ ಸಂದಿಯಲ್ಲೇ ಕಂಪನಿಗಳು ನುಸುಳುತ್ತಿರುವುದು.

ನಮ್ಮ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು. ಒಳ್ಳೆಯದೇ. ಯುರೋಪಿನಲ್ಲಿ 2025ರ ಜೂನ್ 20ರಿಂದ ಟ್ಯಾಬ್ಲೆಟ್‌ಗಳಿಗೂ, ಮಾರಾಟ ನಿಲ್ಲಿಸಿದ ಮೇಲೆ ಕನಿಷ್ಠ 5 ವರ್ಷ ಓಎಸ್ ಅಪ್‌ಡೇಟ್ ಕೊಡಬೇಕು ಅನ್ನೋ ನಿಯಮ ಬಂದಿದೆ. ನಾನು ಕೇಳುವುದು ಇದಕ್ಕಿಂತ ಕಮ್ಮಿ ಖರ್ಚಿನದು. ಅಪ್‌ಡೇಟ್ ನಿಲ್ಲಿಸುವ ದಿನ ಬೂಟ್‌ಲೋಡರ್ ಬೀಗ ತೆಗೆಯುವ ದಾರಿ ಕೊಡಿ. ಅಷ್ಟೇ. ಮುಂದಿನದನ್ನು ನಾವು ನೋಡಿಕೊಳ್ಳುತ್ತೇವೆ.

ಹೊಸ ಟ್ಯಾಬ್ಲೆಟ್ ಕೊಳ್ಳುವವರು ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅಂತ ಕೇಳುವ ಮೊದಲು ಬೂಟ್‌ಲೋಡರ್ ಅನ್‌ಲಾಕ್ ಆಗುತ್ತಾ ಅಂತ ಕೇಳಿ. ಲಿನಿಯೇಜ್‌ಓಎಸ್ ಪಟ್ಟಿಯಲ್ಲಿ ಆ ಮಾಡೆಲ್ ಇದೆಯಾ ನೋಡಿ. ಹಳೆಯದು ಬೀರುವಿನಲ್ಲಿ ಬಿದ್ದಿದ್ದರೆ ಇ-ವೇಸ್ಟ್‌ಗೆ ಹಾಕಬೇಡಿ, ಮಾಡೆಲ್ ನಂಬರನ್ನು ಕಾಮೆಂಟಿನಲ್ಲಿ ಬರೆಯಿರಿ. ಆಗುವಂಥದ್ದಾದರೆ ಭಾನುವಾರ ನಮ್ಮ ಮನೆಗೇ ತನ್ನಿ, ಕೂತು ಹಾಕಿಕೊಡುತ್ತೇನೆ. ಫೋಟೋಗಳನ್ನು ಮಾತ್ರ ಮೊದಲೇ ಬೇರೆ ಕಡೆ ಕಾಪಿ ಮಾಡಿಕೊಂಡು ಬನ್ನಿ.