‘ರ, ಗ, ಸ’ದಿಂದ ಆರಂಭಿಸಿದರೆ ಓದು ಕೆಡುವುದಿಲ್ಲ: ಒಂದು ಸ್ಪಷ್ಟನೆ

ಸರ್ಕಾರಿ ಶಾಲೆಗಳ ಆರಂಭಿಕ ತರಗತಿಗಳಲ್ಲಿ ಚಟುವಟಿಕೆಗಳ ಮೂಲಕ ಕಲಿಸುವ ‘ನಲಿಕಲಿ’ ಪದ್ಧತಿಯಲ್ಲಿ ವರ್ಣಮಾಲೆಯನ್ನು ಕ್ರಮವಾಗಿ ಕಲಿಸದ ಕಾರಣ ಮಕ್ಕಳಿಗೆ ಓದು ಹತ್ತುವುದಿಲ್ಲ, ಆದ್ದರಿಂದ ಮನೆಯಲ್ಲಿ ಮೊದಲು ‘ಅ’ದಿಂದ ‘ಳ’ದವರೆಗೆ ತಿದ್ದಿಸಲೇಬೇಕು ಎಂಬ ಸಂದೇಶ ತೀರ್ಥಹಳ್ಳಿ, ಹೊಸನಗರದ ಕಡೆಯ ಪೋಷಕರ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಕ್ರಮ ಬೇರೆ ಎಂಬುದು ನಿಜ, ತೀರ್ಮಾನ ತಪ್ಪು.

1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ ಅನಂತರ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ವಿಸ್ತರಿಸಿದ ಈ ಪದ್ಧತಿಯಲ್ಲಿ ರ, ಗ, ಸ, ದ, ಅ ಮೊದಲು ಬರುವುದು ಉದ್ದೇಶಪೂರ್ವಕ. ಬರೆಯಲು ಸುಲಭವಾದ, ಆಕಾರದಲ್ಲಿ ಒಂದಕ್ಕೊಂದು ಹೋಲುವ ಈ ಐದೇ ಅಕ್ಷರಗಳಿಂದ ಮಗು ‘ಸರ’, ‘ಅರಸ’, ‘ಗರಗಸ’ ಎಂದು ಅರ್ಥವುಳ್ಳ ಪದಗಳನ್ನು ಓದಬಲ್ಲದು. ಕ, ಖ, ಗ, ಘ, ಙ ಕಲಿತ ಮಗುವಿಗೆ ಓದಲು ಪದ ಹುಡುಕುವುದೇ ಕಷ್ಟ (‘ಙ’ ಇರುವ ಪದ ನಮಗಾದರೂ ಥಟ್ಟನೆ ನೆನಪಾಗುತ್ತದೆಯೇ?).

ಮನೆಯಲ್ಲಿ ಬೇರೆ ಕ್ರಮ ಹಿಡಿದು ಮಗುವನ್ನು ಗೊಂದಲಕ್ಕೆ ದೂಡುವ ಬದಲು, ಶಾಲೆಯಲ್ಲಿ ಕಲಿತ ಅಕ್ಷರಗಳನ್ನೇ ಸುತ್ತಮುತ್ತ ಗುರುತಿಸಲು ಹೇಳಬೇಕು. ಬಸ್ಸಿನ ಬೋರ್ಡಿನ ಮೇಲಿನ ‘ಸಾಗರ’ದಲ್ಲಿ ಮಗುವಿಗೆ ಹೊಸದು ‘ಸ’ಕ್ಕೆ ಹತ್ತಿದ ದೀರ್ಘವೊಂದೇ. ಅಡಿಕೆ ಸುಲಿಯುತ್ತ ಕುಳಿತ ಅಜ್ಜಿಗೆ ಅಕ್ಷರ ಬಾರದಿದ್ದರೂ, “ಆಮೇಲೆ ಎಂತ ಆಯ್ತು, ಓದು ಮಗಾ” ಎಂದು ಕೇಳುತ್ತಿದ್ದರೆ ಮಗು ಪುಟ ಮುಗಿಸುತ್ತದೆ. ವರ್ಣಮಾಲೆಯ ಕ್ರಮ ಬೇಕಾಗುವುದು ನಿಘಂಟು ನೋಡುವಾಗ. ಓದು ಕೂಡಿದ ಮೇಲೆ ಅದನ್ನು ಬಾಯಿಪಾಠ ಮಾಡಿಸಿದರೂ ತಡವಾಗದು.